ಮರಳುಗಾಡು ದಾಟುವ ಹಾಡುಹಕ್ಕಿ ಎಲ್ಲಿ ಇಳಿಯುತ್ತದೆ, ಇಳಿದು ಏನು ಮಾಡುತ್ತದೆ?

ಪ್ರಶ್ನೆ: ಕುಷ್ಟಗಿ ಮಾಸ್ತರ

ಎಲ್ಲರಿಗೂ ನಮಸ್ಕಾರ. ನಾನು ಕೊಪ್ಪಳ ಜಿಲ್ಲೆಯ ಕುಷ್ಟಗಿ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ನಮ್ಮೂರ ಹೊರಗೆ ವರ್ಷದ ಹೆಚ್ಚು ಕಾಲ ಒಣಗಿಯೇ ಇರುವ ಹಳ್ಳವೊಂದಿದೆ. ಅದರ ಎರಡೂ ದಂಡೆಗೆ ಬಳ್ಳಾರಿ ಜಾಲಿ ಒತ್ತಾಗಿ ಬೆಳೆದಿದ್ದು, ನಡುನಡುವೆ ನಾಲ್ಕಾರು ಹಳೆಯ ಕರಿಜಾಲಿ ಮರಗಳೂ ಕೆಲವು ಬಾರಿಗಿಡಗಳೂ ಉಳಿದುಕೊಂಡಿವೆ. ಹಿಂಗಾರಿ ಬಿತ್ತನೆಗೆ ಹೊಲ ಹದ ಮಾಡುವ ಹೊತ್ತಿಗೆ, ಅಂದರೆ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ನಡುವಿನ ತನಕ, ಆ ಕಂಟಿಗಳೊಳಗೆ ಗುಬ್ಬಿಗಿಂತ ಸಣ್ಣದಾದ, ಮಣ್ಣುಬಣ್ಣದ ಹಕ್ಕಿಗಳು ಕಾಣಿಸಿಕೊಳ್ಳುತ್ತವೆ. ಎರಡು ಹರಳುಗಳನ್ನು ಒಂದಕ್ಕೊಂದು ತಾಕಿಸಿದಂತೆ ‘ಟಕ್, ಟಕ್’ ಎಂದು ಕೂಗುತ್ತವೆಯೇ ಹೊರತು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಒಂದು ದಿನ ಹತ್ತು ಹನ್ನೆರಡು ಇದ್ದರೆ ಮರುದಿನ ಒಂದೂ ಇರುವುದಿಲ್ಲ. ಮೂರನೆಯ ದಿನ ಮತ್ತೆ ಏಳೆಂಟು ಬಂದಿರುತ್ತವೆ.

ವಲಸೆ ಹಕ್ಕಿಗಳ ಪಾಠ ಮಾಡುವಾಗ, ಯುರೋಪಿನ ಹಾಡುಹಕ್ಕಿಗಳು ಸಹಾರಾ ಮರುಭೂಮಿಯನ್ನು ದಾಟಿ ಆಫ್ರಿಕಾದ ಒಳನಾಡಿಗೆ ಹೋಗುತ್ತವೆ, ದಾರಿಯಲ್ಲಿ ಓಯಸಿಸ್‌ಗಳಲ್ಲಿ ತಂಗುತ್ತವೆ ಎಂದು ಹೇಳಿದೆ. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, “ಸರ್, ಓಯಸಿಸ್ ಸಿಗದ ಹಕ್ಕಿ ಏನು ಮಾಡುತ್ತದೆ? ಬರೀ ಮರಳಿನ ಮೇಲೆ ಇಳಿದರೆ ಅದಕ್ಕೆ ಏನು ಸಿಗುತ್ತದೆ?” ಎಂದು ಕೇಳಿದಳು. ನನಗೆ ತೃಪ್ತಿಕರವಾದ ಉತ್ತರ ಕೊಡಲಾಗಲಿಲ್ಲ. ಹದಿನೈದು ಇಪ್ಪತ್ತು ಗ್ರಾಂ ತೂಗುವ ಹಕ್ಕಿ ನೀರಿಲ್ಲದ, ಹುಳವಿಲ್ಲದ ಜಾಗದಲ್ಲಿ ಇಳಿದು ಪ್ರಯೋಜನವೇನು? ಅದು ಅಲ್ಲಿ ಎಷ್ಟು ಹೊತ್ತು ಇರುತ್ತದೆ? ನಮ್ಮ ಹಳ್ಳದ ಕಂಟಿಯಲ್ಲಿ ಒಂದು ದಿನ ಇದ್ದು ಮರುದಿನ ಮಾಯವಾಗುವ ಹಕ್ಕಿಗಳಿಗೂ ಈ ಕಥೆಗೂ ಸಂಬಂಧವಿದೆಯೇ? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1: ಮಾನ್ವಿಯವನು

ಗುರುಗಳೇ, ನಾನು ವಿಜ್ಞಾನ ಓದಿದವನಲ್ಲ, ಆದರೆ ನಿಮ್ಮ ವಿದ್ಯಾರ್ಥಿನಿ ಕೇಳಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಆರು ವರ್ಷ ಸೌದಿಯ ಮರುಭೂಮಿಯಲ್ಲಿ ಕೊಳವೆ ಹಾಕುವ ಕೆಲಸದಲ್ಲಿದ್ದೆ. ನಮ್ಮ ಬಿಡಾರದಿಂದ ಹತ್ತಿರದ ಖರ್ಜೂರದ ತೋಟಕ್ಕೆ ಗಾಡಿಯಲ್ಲಿಯೇ ಎರಡು ತಾಸಿನ ದಾರಿ. ಸೆಪ್ಟೆಂಬರಿನ ಒಂದು ಬೆಳಿಗ್ಗೆ ಟ್ರೇಲರ್ ಅಡಿಯಲ್ಲಿ, ಚಕ್ರದ ನೆರಳಿಗೆ ಅಂಟಿಕೊಂಡಂತೆ, ಬೂದುಬಣ್ಣದ ಪುಟ್ಟ ಹಕ್ಕಿಯೊಂದು ಕುಳಿತಿತ್ತು. ಎರಡು ಮೊಳ ಹತ್ತಿರಕ್ಕೆ ಹೋದರೂ ಏಳಲಿಲ್ಲ. ಸಾಯುತ್ತಿದೆ ಎಂದುಕೊಂಡು ಬಾಟಲಿಯ ಮುಚ್ಚಳದಲ್ಲಿ ನೀರು ಹಾಕಿ ಮುಂದಿಟ್ಟೆ, ಒಂದಿಷ್ಟು ಅನ್ನದ ಅಗುಳು ಇಟ್ಟೆ. ಅದು ಎರಡನ್ನೂ ಮುಟ್ಟಲಿಲ್ಲ. ನೆರಳು ಸರಿದಂತೆಲ್ಲ ತಾನೂ ಗೇಣು ಗೇಣು ಸರಿಯುತ್ತ, ಕಣ್ಣು ಮುಚ್ಚಿ ತೆರೆಯುತ್ತ ಇಡೀ ದಿನ ಅಲ್ಲಿಯೇ ಇತ್ತು. ಸಂಜೆ ಹೊತ್ತು ಮುಳುಗಿದ ಮೇಲೆ ರೆಕ್ಕೆ ಕೊಡವಿಕೊಂಡು ನಾಲ್ಕು ಹೆಜ್ಜೆ ಕುಪ್ಪಳಿಸಿತು. ನಾನು ಕೈ ತೊಳೆದು ಬರುವಷ್ಟರಲ್ಲಿ ಹೋಗಿತ್ತು. ಮುಚ್ಚಳದ ನೀರು ಬಿಸಿಲಿಗೆ ಅರ್ಧ ಇಂಗಿತ್ತು ಅಷ್ಟೆ.

ನೀರಿಲ್ಲದ ಕಡೆ ನೀರು ಕೊಟ್ಟರೂ ಅದು ಯಾಕೆ ಕುಡಿಯಲಿಲ್ಲ ಎಂಬುದು ಇಷ್ಟು ವರ್ಷವಾದರೂ ನನ್ನ ಮನಸ್ಸಿನಲ್ಲಿ ಹಾಗೆಯೇ ಉಳಿದಿದೆ. ಬಲ್ಲವರು ಇದಕ್ಕೂ ಉತ್ತರ ಹೇಳಬೇಕೆಂದು ಕೇಳಿಕೊಳ್ಳುತ್ತೇನೆ.

ಉತ್ತರ 2: ರಾಯಚೂರಿನ ಉಪನ್ಯಾಸಕಿ, ಪ್ರಾಣಿಶಾಸ್ತ್ರ

ಮಾನ್ವಿಯ ಅಣ್ಣಾವರು ಕಂಡದ್ದರಲ್ಲಿಯೇ ಮಾಸ್ತರ ಪ್ರಶ್ನೆಗೆ ಅರ್ಧ ಉತ್ತರವಿದೆ, ಆದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

ಸಹಾರಾ ಉತ್ತರದಿಂದ ದಕ್ಷಿಣಕ್ಕೆ ಸುಮಾರು 1,500ರಿಂದ 2,000 ಕಿಲೋಮೀಟರ್ ಅಗಲವಿದೆ. ಗಂಟೆಗೆ 45 ಕಿಲೋಮೀಟರಿನಂತೆ ಹಾರುವ ಹಕ್ಕಿ ಎಲ್ಲಿಯೂ ನಿಲ್ಲದೆ ಹೋದರೂ 40 ಗಂಟೆಗಳಷ್ಟು ಬೇಕು. ಮರುಭೂಮಿಯಲ್ಲಿ ಏನೂ ಸಿಗದ ಕಾರಣ ಹಕ್ಕಿಗಳು ಒಂದೇ ಉಸಿರಿಗೆ ದಾಟಿಬಿಡುತ್ತವೆ ಎಂದು 1961ರ ಸುಮಾರಿಗೆ ಪಕ್ಷಿತಜ್ಞ ಮೊರೊ ಅವರು ವಾದಿಸಿದ್ದರು, ಮತ್ತು ಆ ಅಭಿಪ್ರಾಯ ಬಹುಕಾಲ ನಿಂತಿತು. 1980ರ ದಶಕದಲ್ಲಿ ಹರ್ಬರ್ಟ್ ಬೀಬಾಖ್ ಮತ್ತು ಅವರ ಸಂಗಡಿಗರು ಈಜಿಪ್ಟಿನ ಮರುಭೂಮಿಯಲ್ಲಿ ನಡೆದಾಡಿ ನೋಡಿದಾಗ ಬಂಡೆಗಳ ನೆರಳಿನಲ್ಲಿ, ಒಂಟಿ ಪೊದೆಗಳ ಬುಡದಲ್ಲಿ ಹಗಲೆಲ್ಲ ಅಲುಗಾಡದೆ ಕುಳಿತ ಹಾಡುಹಕ್ಕಿಗಳು ಸಿಕ್ಕವು. ಅವು ಸೋತು ಬಿದ್ದವು ಎಂದು ಯಾರಾದರೂ ಭಾವಿಸಬಹುದಿತ್ತು. ಹಿಡಿದು ತೂಗಿದಾಗ ಅವುಗಳಲ್ಲಿ ಬಹುಪಾಲು ಹಕ್ಕಿಗಳ ಮೈಯಲ್ಲಿ ಮುಂದಿನ ಪ್ರಯಾಣಕ್ಕೆ ಸಾಕಾಗುವಷ್ಟು ಕೊಬ್ಬು ಇತ್ತು. ಅಂದರೆ ಅವು ಬಿಸಿಲು ಇಳಿಯಲೆಂದು ಕಾಯುತ್ತಿದ್ದವು. ಮುಂದೆ ಸ್ವಿಟ್ಜರ್ಲೆಂಡಿನ ಸಂಶೋಧಕರು ಸಹಾರಾದ ಪಶ್ಚಿಮ ಭಾಗದ ಮಾರಿಟೇನಿಯಾ ದೇಶದಲ್ಲಿ ರೇಡಾರ್ ಇಟ್ಟು ಆಕಾಶವನ್ನು ಅಳೆದು, ಹೆಚ್ಚಿನ ಹಾಡುಹಕ್ಕಿಗಳು ರಾತ್ರಿ ಹಾರಿ ಹಗಲು ನೆಲದ ಮೇಲೆ ತಂಗುತ್ತವೆ, ತಡೆಯಿಲ್ಲದೆ ದಾಟುವುದು ಸಾಮಾನ್ಯ ಕ್ರಮವಲ್ಲ ಎಂದು 2007ರಲ್ಲಿ ಪ್ರಕಟಿಸಿದರು.

ಇನ್ನು ಮುಚ್ಚಳದ ನೀರಿನ ವಿಚಾರ. ಹಕ್ಕಿಯ ಇಂಧನ ಕೊಬ್ಬು. ಒಂದು ಗ್ರಾಂ ಕೊಬ್ಬು ಉರಿದಾಗ ಸುಮಾರು 9 ಕಿಲೋಕ್ಯಾಲರಿ ಶಕ್ತಿಯ ಜೊತೆಗೆ ಹೆಚ್ಚುಕಡಿಮೆ ಒಂದು ಗ್ರಾಂ ನೀರೂ ದೇಹದೊಳಗೇ ಹುಟ್ಟುತ್ತದೆ. ನೆರಳಿನಲ್ಲಿ ಅಲುಗದೆ ಕುಳಿತ ಹಕ್ಕಿಯ ಮೈಯಿಂದ ನೀರು ಹೋಗುವುದೂ ಕಡಿಮೆ. ಹಾಗಾಗಿ ಕೊಬ್ಬು ತುಂಬಿದ ಹಕ್ಕಿಗೆ ಆ ದಿನ ಬೇಕಾದದ್ದು ನೆರಳು ಮತ್ತು ಸದ್ದಿಲ್ಲದ ಜಾಗ, ಇವೆರಡೇ. ಅಣ್ಣಾವರೇ, ನಿಮ್ಮ ಟ್ರೇಲರಿನ ಚಕ್ರ ಅದಕ್ಕೆ ಬೇಕಾದದ್ದನ್ನು ಕೊಟ್ಟಿತ್ತು. ನೀವು ಅದನ್ನು ಓಡಿಸದೆ, ಎತ್ತಿಕೊಳ್ಳದೆ ಬಿಟ್ಟದ್ದು ನೀರಿಗಿಂತ ದೊಡ್ಡ ಉಪಕಾರ.

ಆದರೆ ಎಲ್ಲ ಹಕ್ಕಿಗಳೂ ತುಂಬಿಕೊಂಡು ಹೊರಡುವುದಿಲ್ಲ. ಎದುರುಗಾಳಿಗೆ ಸಿಕ್ಕು, ಅಥವಾ ಹೊರಡುವ ಮೊದಲು ಸಾಕಷ್ಟು ತಿನ್ನಲಾಗದೆ, ದಾರಿಯ ನಡುವೆಯೇ ಬರಿದಾಗುವ ಹಕ್ಕಿಗಳಿಗೆ ನೆರಳು ಸಾಲದು. ಫ್ರಾಂಟ್ಸ್ ಬೈರ್ಲೈನ್ ಅವರು ಅಲ್ಜೀರಿಯಾದ ಓಯಸಿಸ್‌ಗಳಲ್ಲಿ ಹಕ್ಕಿಗಳ ಕಾಲಿಗೆ ಗುರುತಿನ ಉಂಗುರ ತೊಡಿಸಿ 1985ರಲ್ಲಿ ಬರೆದ ವರದಿಯಲ್ಲಿ ಈ ಎರಡು ಬಗೆ ಸ್ಪಷ್ಟವಾಗಿ ಕಾಣುತ್ತದೆ: ಕೊಬ್ಬಿದ ಹಕ್ಕಿ ಬೇಗನೆ ಮುಂದೆ ಹೋಗುತ್ತದೆ, ತೆಳುವಾದ ಹಕ್ಕಿ ಕೆಲವು ದಿನ ಉಳಿದು ತಿಂದು ತೂಕ ಹೆಚ್ಚಿಸಿಕೊಂಡು ಹೋಗುತ್ತದೆ. ಕೈಯಲ್ಲಿ ಹಿಡಿದ ಹಕ್ಕಿಯ ಎದೆಯ ಗರಿಗಳನ್ನು ಬಾಯಿಂದ ಮೆಲ್ಲಗೆ ಊದಿ ಸರಿಸಿದರೆ, ಗಂಟಲ ಬುಡದ ಕುಳಿಯಲ್ಲಿ ತೆಳ್ಳನೆಯ ಚರ್ಮದಡಿ ಬೆಣ್ಣೆಯಂತಹ ಹಳದಿ ಕೊಬ್ಬು ಕಾಣುತ್ತದೆ. ತರಬೇತಿಯ ಶಿಬಿರವೊಂದರಲ್ಲಿ ಅದನ್ನು ಮೊದಲ ಸಲ ನೋಡಿದ ಕ್ಷಣ ನನಗೆ ಇಂದಿಗೂ ನೆನಪಿದೆ. ಒಂದು ಹಕ್ಕಿಯಲ್ಲಿ ಆ ಕುಳಿ ತುಂಬಿ ಉಬ್ಬಿತ್ತು; ಅದೇ ಬಲೆಗೆ, ಅದೇ ಗಂಟೆಯಲ್ಲಿ ಬಿದ್ದ ಅದೇ ಜಾತಿಯ ಇನ್ನೊಂದರಲ್ಲಿ ಕೆಂಪು ಸ್ನಾಯು ಬಿಟ್ಟರೆ ಏನೂ ಇರಲಿಲ್ಲ. ಹೊರಗಿನಿಂದ ಎರಡೂ ಒಂದೇ ತರಹ ಇದ್ದವು.

ಬರಿದಾದ ಹಕ್ಕಿಗೆ ಇನ್ನೊಂದು ಕಷ್ಟವಿದೆ. ದೀರ್ಘ ಹಾರಾಟದಲ್ಲಿ ಕೊಬ್ಬಿನ ಜೊತೆ ಸ್ನಾಯು, ಕರುಳು, ಪಿತ್ತಜನಕಾಂಗಗಳ ಪ್ರೋಟೀನೂ ಸ್ವಲ್ಪ ಉರಿಯುತ್ತದೆ. ಗಾಳಿ ಒಣಗಿದ್ದಷ್ಟೂ ಇದು ಹೆಚ್ಚು ಎಂಬುದನ್ನು ಉತ್ತರ ಅಮೆರಿಕದ ಥ್ರಷ್ ಎಂಬ ಹಾಡುಹಕ್ಕಿಗಳನ್ನು, ಯಂತ್ರದಿಂದ ಗಾಳಿ ಬೀಸುವ ಗಾಳಿಸುರಂಗದಲ್ಲಿ ಹಾರಿಸಿ ತೋರಿಸಿದ ಅಧ್ಯಯನ 2011ರಲ್ಲಿ ಬಂದಿತು. ಅದೇ ಶಕ್ತಿಗೆ ಹೋಲಿಸಿದರೆ ಕೊಬ್ಬಿಗಿಂತ ಪ್ರೋಟೀನಿನಿಂದ ಬಹಳ ಹೆಚ್ಚು ನೀರು ಸಿಗುವುದರಿಂದ, ಬಾಯಾರಿದ ಹಕ್ಕಿ ತನ್ನ ಒಳಾಂಗಗಳನ್ನೇ ಕರಗಿಸಿ ನೀರು ಮಾಡಿಕೊಳ್ಳುತ್ತದೆ ಎನ್ನಬಹುದು. ಮರುಭೂಮಿ ದಾಟಿ ಬಂದ ಗಾರ್ಡನ್ ವಾರ್ಬ್ಲರ್ ಎಂಬ ಪುಟ್ಟ ಉಲಿಯಕ್ಕಿಗಳ ಕರುಳು ಕುಗ್ಗಿಹೋಗಿರುತ್ತದೆ. ಆದ್ದರಿಂದ ಎದುರಿಗೆ ಹುಳು ಹಣ್ಣು ರಾಶಿ ಬಿದ್ದಿದ್ದರೂ ಅರಗಿಸಿಕೊಳ್ಳುವ ಶಕ್ತಿ ಮರಳಲು ಒಂದೆರಡು ದಿನ ಹಿಡಿಯುತ್ತದೆ, ಆ ಮೇಲಷ್ಟೇ ತೂಕ ಏರುತ್ತದೆ. ಉಪವಾಸ ಮುಗಿಸಿದವರಿಗೆ ನಮ್ಮ ಮನೆಗಳಲ್ಲಿ ಮೊದಲು ಗಂಜಿ ಕೊಡುವುದನ್ನು ನಿಮ್ಮ ವಿದ್ಯಾರ್ಥಿಗಳಿಗೆ ನೆನಪಿಸಿದರೆ ಕೂಡಲೇ ಅರ್ಥವಾಗುತ್ತದೆ.

ಇಂತಹ ಹಕ್ಕಿಗೆ ಕುಡಿಯುವ ನೀರೂ ಬೇಕಾಗುತ್ತದೆ. ಇಸ್ರೇಲಿನ ನೆಗೆವ್ ಮರುಭೂಮಿಯಲ್ಲಿ, ಕಾಡು ಪಿಸ್ತಾ ಮರಗಳ ತೋಪಿನಲ್ಲಿ ತಂಗುವ ಬ್ಲ್ಯಾಕ್‌ಕ್ಯಾಪ್ ಎಂಬ ಉಲಿಯಕ್ಕಿಗಳ ಹತ್ತಿರ ನೀರಿನ ತೊಟ್ಟಿ ಇಟ್ಟು ನೋಡಿದರು. ಆ ಹಣ್ಣಿನಲ್ಲಿ ಕೊಬ್ಬು ಹೆಚ್ಚು. ನೀರು ಸಿಕ್ಕಾಗ ಅವೇ ಹಣ್ಣುಗಳನ್ನು ತಿಂದು ಹಕ್ಕಿಗಳು ಬೇಗ ಕೊಬ್ಬಿದವು. ಮೇವಿದ್ದೂ ನೀರಿಲ್ಲದ ಕಡೆ ಮೇವು ಪೂರ್ತಿ ದಕ್ಕುವುದಿಲ್ಲ ಎಂಬುದು ದನ ಕಟ್ಟಿದ ನಮ್ಮ ರೈತರಿಗೆ ಹೊಸ ಮಾತೇನಲ್ಲ.

ಮಾಸ್ತರೇ, ನೀವು ಬರೆದ ‘ಟಕ್, ಟಕ್’ ಕೂಗು, ಮಣ್ಣುಬಣ್ಣ, ಕಂಟಿಯೊಳಗೆ ಅಡಗುವ ಸ್ವಭಾವ ಎಲ್ಲವೂ ಬ್ಲೈತ್ಸ್ ರೀಡ್ ವಾರ್ಬ್ಲರ್ ಎಂಬ ಉಲಿಯಕ್ಕಿಗೆ ಹೊಂದುತ್ತವೆ. ಅದು ಫಿನ್ಲೆಂಡಿನಿಂದ ಸೈಬೀರಿಯಾದವರೆಗೆ ಮರಿ ಮಾಡಿ, ಚಳಿಗಾಲಕ್ಕೆ ಭಾರತ ಉಪಖಂಡಕ್ಕೆ ಬರುತ್ತದೆ. ದಾರಿಯಲ್ಲಿ ಮಧ್ಯ ಏಷ್ಯಾದ ಒಣನಾಡನ್ನು ದಾಟಿಯೇ ಬರಬೇಕು. ನಿಮ್ಮ ಹಳ್ಳದಲ್ಲಿ ಒಂದೇ ದಿನ ಇದ್ದು ಹೋಗುವವು ಇನ್ನೂ ದಕ್ಷಿಣಕ್ಕೆ ಹೊರಟಿರುವ ಹಕ್ಕಿಗಳು ಎಂದು ನನ್ನ ಅಭಿಪ್ರಾಯ. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ ಬೀಳುವ ನಮ್ಮ ಸೀಮೆ ಮರುಭೂಮಿಯಲ್ಲ, ಸಹಾರಾದ ಬಹುಭಾಗದಲ್ಲಿ 100 ಮಿಲಿಮೀಟರೂ ಬೀಳುವುದಿಲ್ಲ. ಆದರೆ ಕೊಯ್ದು ಬಯಲಾದ ಎರೆಹೊಲಗಳ ನಡುವೆ ಒಂದೇ ಒಂದು ಕಂಟಿಸಾಲು ಇದ್ದರೆ, ಬೆಳಗಿನ ಜಾವ ಮೇಲಿನಿಂದ ಇಳಿಯುವ ಹಕ್ಕಿಗೆ ಅದು ಎದ್ದು ಕಾಣುತ್ತದೆ.

ಪ್ರಶ್ನೆ ಕೇಳಿದವರ ಮರುಮಾತು: ಕುಷ್ಟಗಿ ಮಾಸ್ತರ

ಮೇಡಂ, ನಿಮ್ಮ ಉತ್ತರವನ್ನು ತರಗತಿಯಲ್ಲಿ ಓದಿ ಹೇಳಿದೆ. ಮಾನ್ವಿಯವರ ಅನುಭವವನ್ನು ಮಕ್ಕಳು ಎರಡು ಸಲ ಓದಿಸಿಕೊಂಡರು. ಆದರೆ ಇದರ ಬೆನ್ನಿಗೇ ಒಂದು ಚಿಂತೆ ಹುಟ್ಟಿದೆ. ಹಳ್ಳದ ಜಾಲಿಕಂಟಿಯನ್ನು ಈ ತಿಂಗಳಲ್ಲಿಯೇ ಜೆಸಿಬಿ ಹಚ್ಚಿ ಬುಡಸಮೇತ ತೆಗೆಸುವ ಮಾತು ಊರಲ್ಲಿ ನಡೆದಿದೆ. ಒಬ್ಬರು ಇದ್ದಿಲು ಭಟ್ಟಿಗೆ ಕಟ್ಟಿಗೆ ಕೊಳ್ಳಲು ಮುಂಗಡವನ್ನೂ ಕೊಟ್ಟಿದ್ದಾರೆ. ಬಳ್ಳಾರಿ ಜಾಲಿ ಪರದೇಶದ ಕಳೆ, ಅದು ಹೋದರೆ ಒಳ್ಳೆಯದೇ ಎಂದು ನಾನೇ ಹಿಂದೆ ಮಕ್ಕಳಿಗೆ ಹೇಳಿದ್ದೇನೆ. ಅದು ತಪ್ಪೇ? ಅರ್ಧ ಎಕರೆಯೂ ಇಲ್ಲದ ಕಂಟಿಗಾಗಿ ಊರವರ ಜೊತೆ ವಾದಿಸುವುದು ಸರಿಯೇ?

ಉತ್ತರ 3: ಬಳ್ಳಾರಿಯ ಹಕ್ಕಿ ನೋಡುಗ

ಮಾಸ್ತರೇ, ನೀವು ಮಕ್ಕಳಿಗೆ ಹೇಳಿದ್ದು ತಪ್ಪಲ್ಲ. ಮೆಕ್ಸಿಕೊ, ಮಧ್ಯ ಅಮೆರಿಕ, ದಕ್ಷಿಣ ಅಮೆರಿಕದ ಉತ್ತರ ಭಾಗ ಬಳ್ಳಾರಿ ಜಾಲಿಯ ತವರು. 19ನೆಯ ಶತಮಾನದಲ್ಲಿ ಭಾರತಕ್ಕೆ ಬಂದು, ನಮ್ಮ ಜಿಲ್ಲೆಯ ಹೆಸರನ್ನೇ ಹೊತ್ತುಕೊಂಡಿತು. ಸಿರುಗುಪ್ಪ ಸೀಮೆಯ ಎರೆಭೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್), ಕೃಷ್ಣಮೃಗ, ನೆಲಗುಬ್ಬಿ ಇವೆಲ್ಲ ಬಯಲು ಹುಲ್ಲುಗಾವಲನ್ನು ನಂಬಿದ ಜೀವಿಗಳು. ಅಂತಹ ಬಯಲಿಗೆ ಜಾಲಿ ನುಗ್ಗಿದರೆ ಅವಕ್ಕೆ ನೆಲೆ ಇಲ್ಲ, ಅಲ್ಲಿ ಅದನ್ನು ಕೀಳಲೇಬೇಕು ಎಂದು ನಾನು ಯಾರ ಎದುರಿಗೂ ಹೇಳುತ್ತೇನೆ. ಆದರೆ ನಿಮ್ಮದು ಹಳ್ಳದ ದಂಡೆ. ಬಯಲಿನ ನ್ಯಾಯವನ್ನು ಹಳ್ಳಕ್ಕೆ ಹಚ್ಚಲಾಗದು.

ಬಳ್ಳಾರಿ ಜಾಲಿಯ ಹತ್ತಿರದ ಬಂಧುಗಳಾದ ಮೆಸ್ಕೀಟ್ ಮರಗಳು ಅಮೆರಿಕದ ನೈಋತ್ಯ ಭಾಗದ ಮರುಭೂಮಿಯಲ್ಲಿ ಹಾಡುಹಕ್ಕಿಗಳಿಗೆ ದಾರಿಯ ಛತ್ರಗಳಿದ್ದಂತೆ. ಕೊಲರಾಡೊ ನದಿಯ ಕೆಳಪಾತ್ರದಲ್ಲಿ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ವಲಸೆಯ ವಾರ್ಬ್ಲರ್‌ಗಳು ಹೂಬಿಟ್ಟ ಮೆಸ್ಕೀಟ್ ಮರಗಳನ್ನೇ ಹುಡುಕಿ ಇಳಿಯುತ್ತವೆ ಎಂದು ಕಂಡುಬಂತು. ಹೂವಿದ್ದ ಕಡೆ ಹುಳ ಇರುತ್ತದೆ. ಗುರುತಿಲ್ಲದ ಊರಿಗೆ ಒಂದೇ ದಿನಕ್ಕೆ ಬಂದ ಹಕ್ಕಿಗೆ ಎಲೆ ಎಲೆ ಹುಡುಕಿ ಹುಳ ಎಣಿಸುವಷ್ಟು ಪುರುಸೊತ್ತಿಲ್ಲದ ಕಾರಣ, ದೂರದಿಂದ ಕಾಣುವ ಹೂವೇ ಅದಕ್ಕೆ ಸೂಚನೆ. ನಿಮ್ಮ ಹಳ್ಳದಲ್ಲಿ ಹಕ್ಕಿಗಳು ಜಾಲಿಯಲ್ಲಿವೆಯೋ, ಕರಿಜಾಲಿಯಲ್ಲಿವೆಯೋ, ಆ ದಿನ ಯಾವುದರಲ್ಲಿ ಹೂವಿದೆ ಎಂಬುದನ್ನು ಮಕ್ಕಳಿಂದ ಬರೆಸಿದರೆ ಬಹಳ ಬೆಲೆಯುಳ್ಳ ದಾಖಲೆಯಾಗುತ್ತದೆ.

ಜಾಗ ಸಣ್ಣದು ಎಂಬ ಸಂಕೋಚ ಬೇಡ. ಅರಿಜೋನಾದ ಸ್ಯಾನ್ ಪೆಡ್ರೊ ನದಿಯ ದಂಡೆಯಲ್ಲಿ ಉದ್ದಕ್ಕೂ ಮರಸಾಲಿದೆ, ಅದರಿಂದ ದೂರದಲ್ಲಿ ಚದುರಿದಂತೆ ಪುಟ್ಟ ಪುಟ್ಟ ಒರತೆಗಳ ಸುತ್ತ ಮರಗಳಿವೆ. ದೊಡ್ಡ ನದಿಯ ದಂಡೆಯೇ ಹಕ್ಕಿಗಳಿಗೆ ಮುಖ್ಯ, ಬಿಡಿ ಒರತೆಗಳು ಲೆಕ್ಕಕ್ಕಿಲ್ಲ ಎಂಬ ಊಹೆಯನ್ನು 1998ರಲ್ಲಿ ಪ್ರಕಟವಾದ ಹೋಲಿಕೆಯ ಅಧ್ಯಯನ ತಳ್ಳಿಹಾಕಿತು. ಆ ಸಣ್ಣ ತಾಣಗಳಲ್ಲಿಯೂ ವಲಸೆ ಹಕ್ಕಿಗಳು ಒತ್ತಾಗಿ ಇಳಿಯುತ್ತಿದ್ದವು. ಕಳೆದುಹೋದ ತಾಣವನ್ನು ಮರಳಿ ಕಟ್ಟಿದ ಉದಾಹರಣೆಯೂ ಇದೆ. ಸಹಾರಾ ಮತ್ತು ಸಿನಾಯ್ ದಾಟಿದ ಹಕ್ಕಿಗಳು ವಸಂತದಲ್ಲಿ ಮೊದಲು ಇಳಿಯುವ ಇಸ್ರೇಲಿನ ಎಯ್ಲಾತ್‌ನಲ್ಲಿ ಉಪ್ಪುಜೌಗು ಬಹುಪಾಲು ನಾಶವಾದ ಮೇಲೆ, ಊರ ಕಸ ಸುರಿಯುತ್ತಿದ್ದ ಜಾಗಕ್ಕೆ ಮಣ್ಣು ಹಾಕಿ, ಗಿಡ ನೆಟ್ಟು, ನೀರು ಬಿಟ್ಟು ಪಕ್ಷಿಧಾಮ ಮಾಡಿದ್ದಾರೆ. ಕಸದ ಗುಂಡಿ ತಂಗುದಾಣ ಆಗಬಲ್ಲದಾದರೆ ನಿಮ್ಮ ಹಳ್ಳದ ಬಗ್ಗೆ ನಾನು ನಿರಾಶನಾಗಲಾರೆ.

ಊರವರ ಮುಂದೆ ಇಡಲು ಒಂದು ದಾರಿ ಹೇಳುತ್ತೇನೆ. ಕಂಟಿ ತೆಗೆಯಬೇಡಿ ಎನ್ನದೆ, ಈಗ ತೆಗೆಯಬೇಡಿ ಎನ್ನಿ. ಸೆಪ್ಟೆಂಬರಿನಿಂದ ನವೆಂಬರ್‌ವರೆಗೆ ಹಕ್ಕಿ ಇಳಿಯುವ ಕಾಲ, ಮಾರ್ಚ್ ಏಪ್ರಿಲ್ ಮರಳುವ ಕಾಲ. ಮೇ ತಿಂಗಳಲ್ಲಿ, ಮೂರು ವರ್ಷಕ್ಕೆ ಹಂಚಿ, ಒಂದೊಂದು ತುಂಡಿನಂತೆ ತೆಗೆದರೆ ಕಟ್ಟಿಗೆ ಕೊಳ್ಳುವವರಿಗೂ ನಷ್ಟವಿಲ್ಲ. ಬುಡ ಉಳಿದರೆ ಜಾಲಿ ಮತ್ತೆ ಚಿಗುರುವುದರಿಂದ ಬೇರು ಅಗೆಯುವುದು ಸರಿಯೇ, ಆದರೆ ತೆಗೆದ ಕಡೆ ಮೊದಲ ಮಳೆಗೇ ಕರಿಜಾಲಿ, ಬಾರಿ, ಬನ್ನಿ ನೆಡಬೇಕು. ಈಗಿರುವ ಕರಿಜಾಲಿ ಮತ್ತು ಬಾರಿಯನ್ನು ಜೆಸಿಬಿ ಮುಟ್ಟದಂತೆ ಸುಣ್ಣದ ಗುರುತು ಹಾಕಿಸಿ. ಇದನ್ನು ಮರೆತರೆ ಉಳಿದದ್ದೆಲ್ಲ ವ್ಯರ್ಥ.

ಇನ್ನೊಂದು ಮಾತು. “ಹತ್ತು ಹಕ್ಕಿಗಾಗಿ ಇಷ್ಟು ಮಾತೇ?” ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಹತ್ತು ಹಕ್ಕಿಗಳು ಇಪ್ಪತ್ತು ದಿನ ಅಲ್ಲಿಯೇ ಇದ್ದರೆ ಒಟ್ಟು ಹತ್ತೇ. ದಿನಕ್ಕೊಂದು ಹೊಸ ತಂಡ ಹತ್ತರಂತೆ ಬಂದು ಹೋದರೆ ಇನ್ನೂರು. ನಿಮ್ಮ ಎಣಿಕೆಯಲ್ಲಿ ಒಂದು ದಿನ ಹನ್ನೆರಡು, ಮರುದಿನ ಸೊನ್ನೆ, ಆಮೇಲೆ ಎಂಟು ಎಂದು ಏರಿಳಿಯುತ್ತಿರುವುದರಿಂದ ಹಕ್ಕಿಗಳು ಬದಲಾಗುತ್ತಿವೆ ಎಂದು ಹೇಳಲು ಆಧಾರವಿದೆ. ನಿತ್ಯ ಒಂದೇ ಹೊತ್ತಿಗೆ, ಒಂದೇ ದಾರಿಯಲ್ಲಿ ನಡೆದು ಬರೆಯಿರಿ, ಸೊನ್ನೆ ಬಂದ ದಿನವನ್ನೂ ಬಿಡದೆ ಬರೆಯಿರಿ. ಹಿಡಿಯುವ ಪ್ರಯತ್ನ ಮಾತ್ರ ಮಕ್ಕಳು ಮಾಡಬಾರದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅದಕ್ಕೆ ಪರವಾನಗಿ ಬೇಕು.

ಉತ್ತರ 4: ಯಲಬುರ್ಗಾದ ರೈತ

ಗುರುಗಳಿಗೆ ನಮಸ್ಕಾರ. ನೀರಿನ ಮಾತು ಬಂದದ್ದರಿಂದ ನನ್ನ ಅನುಭವ ಹೇಳುತ್ತೇನೆ. ನನ್ನ ಹೊಲದಲ್ಲಿ ಪ್ಲಾಸ್ಟಿಕ್ ಹಾಳೆ ಹಾಸಿದ ಕೃಷಿ ಹೊಂಡವಿದೆ. ಹೊಂಡ ಮಾಡಿಸಿದ ಮೊದಲ ವರ್ಷ ಅಕ್ಟೋಬರಿನಲ್ಲಿ ಎರಡು ಸಣ್ಣ ಹಕ್ಕಿಗಳು ಸತ್ತು ತೇಲುತ್ತಿದ್ದವು. ಹಾಳೆಯ ಏರು ಕಡಿದಾಗಿದ್ದು ನುಣುಪಾಗಿರುವುದರಿಂದ ನೀರಿಗೆ ಬಂದ ಹಕ್ಕಿಗೆ ಕಾಲೂರಲು ಆಧಾರವಿರಲಿಲ್ಲ ಎಂದು ಆಗ ತಿಳಿಯಿತು. ಆ ವಾರವೇ ನಾಲ್ಕೂ ಬದಿಗೆ ಹಳೆಯ ಗೋಣಿಚೀಲಗಳನ್ನು ಬಿಚ್ಚಿ, ಮೇಲಿನ ತುದಿಗೆ ಕಲ್ಲು ಹೇರಿ, ಕೆಳಗಿನ ತುದಿ ನೀರಿನಲ್ಲಿ ಮುಳುಗುವಂತೆ ಇಳಿಬಿಟ್ಟೆ. ನೀರು ಇಳಿದಂತೆ ಚೀಲವನ್ನೂ ಇಳಿಸುತ್ತೇನೆ. ಆ ಮೇಲೆ ಒಂದೂ ಸತ್ತಿಲ್ಲ. ಸಿಪಿಲೆಗಳು ಆ ಒದ್ದೆ ಗೋಣಿಯ ಮೇಲೆಯೇ ನಡೆದುಕೊಂಡು ಹೋಗಿ ಕುಡಿಯುತ್ತವೆ. ನಿಮ್ಮ ಹಳ್ಳದ ಹತ್ತಿರ ಯಾರದಾದರೂ ಹೊಂಡವಿದ್ದರೆ ಮೊದಲು ಇದನ್ನು ಮಾಡಿಸಿ. ನಾಲ್ಕು ಹಳೆಯ ಚೀಲದ ಕೆಲಸ.

ಪ್ರಶ್ನೆ ಕೇಳಿದವರಿಂದ: ಕುಷ್ಟಗಿ ಮಾಸ್ತರ

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ಸಂಜೆ ಹಿರಿಯರನ್ನು ಕಂಡು ಮಾತನಾಡಿದೆ. ಕೀಳುವುದನ್ನು ಮೇ ತಿಂಗಳಿಗೆ ಮುಂದೂಡಲು ಒಪ್ಪಿದ್ದಾರೆ. ಮೂರು ವರ್ಷಕ್ಕೆ ಹಂಚುವ ಮಾತಿಗೆ ಇನ್ನೂ ಒಪ್ಪಿಲ್ಲ, ಮುಂಗಡ ಕೊಟ್ಟವರನ್ನು ಕರೆಸಿ ಮಾತನಾಡಬೇಕಾಗಿದೆ. ಇವತ್ತು ಬೆಳಿಗ್ಗೆ ಹನ್ನೊಂದು ಮಕ್ಕಳು ಸುಣ್ಣದ ಡಬ್ಬಿ ಹಿಡಿದು ಬಂದು ಆರು ಕರಿಜಾಲಿ, ನಾಲ್ಕು ಬಾರಿಗಿಡಗಳಿಗೆ ಗುರುತು ಹಾಕಿದರು. ಪಕ್ಕದ ಹೊಲದ ಹೊಂಡಕ್ಕೆ ಎರಡು ಗೋಣಿ ಇಳಿಬಿಟ್ಟಿದ್ದೇವೆ, ಉಳಿದೆರಡು ನಾಳೆ. ಪ್ರಶ್ನೆ ಕೇಳಿದ ಹುಡುಗಿ ಎಣಿಕೆಯ ಪುಸ್ತಕ ಇಟ್ಟುಕೊಂಡಿದ್ದಾಳೆ. ಮೊದಲ ಸಾಲಿನಲ್ಲಿ ಹೀಗಿದೆ: ಬೆಳಿಗ್ಗೆ 6.40, ‘ಟಕ್’ ಕೂಗು ಐದು ಕಡೆ, ಕಣ್ಣಿಗೆ ಬಿದ್ದದ್ದು ಎರಡು, ಎರಡೂ ಕರಿಜಾಲಿಯಲ್ಲಿ, ಮರದಲ್ಲಿ ಹೂವಿದೆ.